ಡಯಾಲಿಸಿಸ್ ಕೊಳವೆಯೊಳಗಿನ ಲೋಳೆ

ಡಯಾಲಿಸಿಸ್‌ಗೆ ಬರುವವರು ಮನೆಯಿಂದ ಹೊರಡುವಾಗ ಚೆನ್ನಾಗಿಯೇ ಇರುತ್ತಾರೆ. ಜ್ವರವಿಲ್ಲ, ಸುಸ್ತು ಎಂದಿನಷ್ಟೇ. ಯಂತ್ರ ಶುರುವಾಗಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದಮೇಲೆ ಮಂಚವೇ ಅಲುಗಾಡುವಂಥ ನಡುಕ ಹಿಡಿಯುತ್ತದೆ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು ನಿಲ್ಲದು. ಹಿಂದೆಯೇ ಜ್ವರ ಏರುತ್ತದೆ. ‘ಏಸಿ ಜಾಸ್ತಿ ಆಯ್ತು’, ‘ನೀರು ಸರಿಯಿಲ್ಲ’ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಯಂತ್ರದ ನೀರು ಕೆಟ್ಟರೆ ಚಳಿಜ್ವರ ಬರುವುದು ಉಂಟು. ಆದರೆ ಆಗ ಸಾಮಾನ್ಯವಾಗಿ ಅದೇ ಪಾಳಿಯ ಹಲವರಿಗೆ ಬರುತ್ತದೆ. ನಡುಗುತ್ತಿರುವವರು ಒಬ್ಬರೇ, ಅವರ ಕುತ್ತಿಗೆಯಲ್ಲಿ ಕ್ಯಾಥೆಟರ್ ಇದೆ ಎಂದರೆ ಮೊದಲ ಅನುಮಾನ ಅದರ ಮೇಲೇ ಹೋಗಬೇಕು.

ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು, ಅದೂ ನಾಲ್ಕು ಗಂಟೆ ಸತತವಾಗಿ. ಕೈಯ ಸಾಮಾನ್ಯ ರಕ್ತನಾಳ ಅಷ್ಟನ್ನು ಕೊಡಲಾರದು. ಅದಕ್ಕೇ ಕುತ್ತಿಗೆಯ ದೊಡ್ಡ ಅಭಿಧಮನಿಯಿಂದ ಕ್ಯಾಥೆಟರ್ ಎಂಬ ಕೊಳವೆಯೊಂದನ್ನು ಇಳಿಸುತ್ತಾರೆ. ತುದಿ ಹೃದಯದ ಬಲಭಾಗದ ಹತ್ತಿರ ನಿಲ್ಲುತ್ತದೆ. ಹೊರಗೆ ಉಳಿಯುವುದು ಎರಡು ಬಾಲ, ಒಂದಕ್ಕೆ ಕೆಂಪು ಗುರುತು, ಇನ್ನೊಂದಕ್ಕೆ ನೀಲಿ. ಚರ್ಮದ ಆಚೆ ನಮ್ಮ ಜಗತ್ತು, ಈಚೆ ನೇರ ಹೃದಯ. ನಡುವೆ ಒಂದು ಮುಚ್ಚಳ ಬಿಟ್ಟರೆ ಬೇರೆ ಕಾವಲಿಲ್ಲ.

ಹೆಚ್ಚು ಕಾಲ ಇರಬೇಕಾದ ‘ಪರ್ಮ್‌ಕ್ಯಾತ್’ ಅನ್ನು ಎದೆಯ ಚರ್ಮದಡಿ ಒಂದಿಷ್ಟು ದೂರ ಹಾಯಿಸಿ ಕೂರಿಸುತ್ತಾರೆ. ಅದರ ಸುತ್ತ ಬಟ್ಟೆಯಂಥ ಪಟ್ಟಿಯೊಂದಿದ್ದು, ಕೆಲವು ವಾರಗಳಲ್ಲಿ ಮಾಂಸ ಅದರೊಳಕ್ಕೆ ಬೆಳೆದು ಹೊರಗಿನಿಂದ ಬರುವ ದಾರಿ ಮುಚ್ಚುತ್ತದೆ. ಆದರೆ ಒಳಗಿನ ದಾರಿ? ವಾರಕ್ಕೆ ಮೂರು ಸಲ ಮುಚ್ಚಳ ತೆಗೆಯುತ್ತಾರೆ, ಜೋಡಿಸುತ್ತಾರೆ, ಬಿಚ್ಚುತ್ತಾರೆ. ಚರ್ಮದ ಮೇಲೆ, ಮೂಗಿನಲ್ಲಿ ನಿರುಪದ್ರವಿಯಾಗಿ ಕುಳಿತ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾಕ್ಕೆ ಅಷ್ಟು ಅವಕಾಶ ಸಾಕು. ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಅದು ತನ್ನ ಸುತ್ತ ಒಂದು ಲೋಳೆ ಹೆಣೆಯುತ್ತದೆ. ಕಲ್ಯಾಣಿಯ ಮೆಟ್ಟಿಲಿಗೆ ಹಿಡಿದ ಪಾಚಿ ಇದ್ದ ಹಾಗೆ, ನೀರು ಸುರಿದರೆ ಹೋಗದು. ವಿಜ್ಞಾನಿಗಳು ಬಯೋಫಿಲ್ಮ್ ಎನ್ನುವುದು ಇದನ್ನೇ. ತೇಲುವ ಬ್ಯಾಕ್ಟೀರಿಯಾವನ್ನು ಸುಲಭವಾಗಿ ಕೊಲ್ಲುವ ಆ್ಯಂಟಿಬಯೋಟಿಕ್ ಈ ಲೋಳೆಯೊಳಗಿರುವುದನ್ನು ಕೊಲ್ಲಲು ಎಷ್ಟೋ ಪಟ್ಟು ಹೆಚ್ಚು ಬೇಕಾಗಬಹುದು.

ನಡುಕಕ್ಕೆ ಅರ್ಧ ಗಂಟೆ ಹಿಡಿಯುವ ಗುಟ್ಟೂ ಇಲ್ಲೇ ಇದೆ. ಯಂತ್ರದ ಪಂಪು ರಕ್ತವನ್ನು ಕೊಳವೆಯ ಮೂಲಕ ರಭಸದಿಂದ ಓಡಿಸಿದಾಗ ಲೋಳೆಯ ಚೂರುಗಳು ಕಿತ್ತುಬಂದು ಮೈಯೊಳಗೆ ಸೇರುತ್ತವೆ. ದೇಹ ಅವನ್ನು ಗುರುತಿಸಿ ಎಚ್ಚೆತ್ತುಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಹಾಗಾದರೆ ತಡೆಯುವುದು ಎಲ್ಲಿ? ನನಗೆ ಕಾಣುವಂತೆ ಇಡೀ ವಿಷಯ ನಿಂತಿರುವುದು ಮುಚ್ಚಳ ತೆಗೆದ ಆ ಕೆಲವು ಸೆಕೆಂಡುಗಳ ಮೇಲೆ. ನರ್ಸ್ ಮತ್ತು ರೋಗಿ ಇಬ್ಬರೂ ಮಾಸ್ಕ್ ಹಾಕಬೇಕು. ರೋಗಿ ಮುಖವನ್ನು ಆಚೆ ತಿರುಗಿಸಿಕೊಳ್ಳಬೇಕು. ಕೈ ತೊಳೆದು ಗ್ಲೌಸ್ ಹಾಕಿ, ಮುಚ್ಚಳ ತೆಗೆದ ಕೂಡಲೇ ಕೊಳವೆಯ ಬಾಯನ್ನು, ಅದರ ತಿರುಪಿನ ಸಂದುಗಳನ್ನು ನಂಜುನಾಶಕದ ಪ್ಯಾಡ್‌ನಿಂದ ಒತ್ತಿ ಉಜ್ಜಬೇಕು, ಆಮೇಲೆ ಒಣಗಲು ಬಿಡಬೇಕು. ಒಣಗುವಷ್ಟು ಕಾಯುವುದೇ ಕಷ್ಟ. ಪಾಳಿ ಬದಲಾಗುವ ಹೊತ್ತಿನಲ್ಲಿ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಇಂಥ ಸಾಧಾರಣ ಕ್ರಮಗಳನ್ನೇ 17 ಡಯಾಲಿಸಿಸ್ ಘಟಕಗಳಲ್ಲಿ ಕಟ್ಟುನಿಟ್ಟಾಗಿ ಮಾಡಿಸಿದಾಗ, ರಕ್ತನಾಳದ ದಾರಿಯಿಂದ ಬರುವ ಸೋಂಕು ಸುಮಾರು ಅರ್ಧಕ್ಕಿಳಿಯಿತು. ಹೊಸ ಔಷಧಿಯೇನೂ ಇರಲಿಲ್ಲ.

ಇದೇ ಸಂಸ್ಥೆಯ ಇನ್ನೊಂದು ಲೆಕ್ಕ ಗಾಬರಿ ಹುಟ್ಟಿಸುವಂಥದ್ದು: 2017ರಿಂದ 2020ರ ನಡುವೆ ಅಲ್ಲಿ ಡಯಾಲಿಸಿಸ್‌ನಲ್ಲಿದ್ದ ವಯಸ್ಕರಿಗೆ ಸ್ಟೆಫ್ ರಕ್ತಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ 100 ಪಟ್ಟು ಹೆಚ್ಚಿತ್ತು. ಆ ಬ್ಯಾಕ್ಟೀರಿಯಾ ರಕ್ತದಲ್ಲಿ ಸುಮ್ಮನೆ ಸುತ್ತುವುದಿಲ್ಲ. ಹೃದಯದ ಕವಾಟದಲ್ಲೋ ಬೆನ್ನುಮೂಳೆಯಲ್ಲೋ ಬೀಡುಬಿಡುತ್ತದೆ. ವಾರಗಳ ನಂತರ ಬೆನ್ನುನೋವೆಂದು ಬಂದವರ ಕಾಯಿಲೆಯ ಮೂಲ ಹಳೆಯ ಕ್ಯಾಥೆಟರ್ ಆಗಿರುವುದುಂಟು.

ಆದ್ದರಿಂದ ನಡುಕ ಬಂದಾಗ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸುವುದು ಅಪಾಯ. ಮೊದಲು ರಕ್ತದ ಕಲ್ಚರ್‌ಗೆ ಮಾದರಿ ತೆಗೆಯಬೇಕು, ಆ್ಯಂಟಿಬಯೋಟಿಕ್ ಅದರ ನಂತರ. ತಿರುಗುಮುರುಗಾದರೆ ಯಾವ ಬ್ಯಾಕ್ಟೀರಿಯಾ ಎಂಬುದೇ ಗೊತ್ತಾಗದೆ ಹೋಗಬಹುದು. ಸ್ಟೆಫೈಲೊಕಾಕಸ್ ಆರಿಯಸ್ ಎಂದು ಗೊತ್ತಾದರೆ ಸಾಮಾನ್ಯವಾಗಿ ಕೊಳವೆಯನ್ನೇ ತೆಗೆಯುತ್ತಾರೆ, ಔಷಧಿ ವಾರಗಟ್ಟಲೆ ನಡೆಯುತ್ತದೆ. ಎರಡು ಡಯಾಲಿಸಿಸ್‌ಗಳ ನಡುವೆ ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ತುಂಬಿಡುವುದು ರೂಢಿ. ಇದಕ್ಕೆ ಟಾರೊಲಿಡಿನ್ ಎಂಬ ಸೂಕ್ಷ್ಮಾಣುನಾಶಕ ಬೆರೆಸಿದ ದ್ರಾವಣಕ್ಕೆ ಅಮೆರಿಕದಲ್ಲಿ 2023ರ ನವೆಂಬರಿನಲ್ಲಿ ಅನುಮತಿ ಸಿಕ್ಕಿತು. ಪ್ರಯೋಗದಲ್ಲಿ ಅದು ಸೋಂಕಿನ ಅಪಾಯವನ್ನು ಶೇ 71ರಷ್ಟು ತಗ್ಗಿಸಿತ್ತು.

ಆದರೂ ಕ್ಯಾಥೆಟರೇ ಇಲ್ಲದಿರುವುದಕ್ಕೆ ಸಮ ಯಾವುದೂ ಇಲ್ಲ. 1965ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವೈದ್ಯರಾದ ಸಿಮಿನೊ, ಬ್ರೆಸಿಯಾ ಮತ್ತು ಶಸ್ತ್ರಚಿಕಿತ್ಸಕ ಅಪೆಲ್ ಮಣಿಕಟ್ಟಿನ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದರು. ರಭಸದ ರಕ್ತ ನುಗ್ಗಿ ಅಭಿಧಮನಿ ಹಿಗ್ಗಿತು, ದಪ್ಪವಾಯಿತು, ಸೂಜಿ ಚುಚ್ಚಲು ಒದಗಿತು. ಇದೇ ಫಿಸ್ಟುಲಾ. ಬೆರಳಿಟ್ಟರೆ ಜುಮ್ಮೆನ್ನುವ ಕಂಪನ ತಾಕುತ್ತದೆ. ಸೂಜಿ ತೆಗೆದಮೇಲೆ ಒಳಗೆ ಪ್ಲಾಸ್ಟಿಕ್ ಏನೂ ಉಳಿಯದು, ಲೋಳೆ ಕಟ್ಟಲು ಜಾಗವೂ ಇಲ್ಲ.

ತೊಂದರೆಯೆಂದರೆ ಫಿಸ್ಟುಲಾ ಪಕ್ವವಾಗಲು ಒಂದೂವರೆ ತಿಂಗಳಿಂದ ಮೂರು ತಿಂಗಳವರೆಗೆ ಬೇಕು. ನಮ್ಮಲ್ಲಿ ಬಹಳ ಮಂದಿ ಆಸ್ಪತ್ರೆ ಮುಟ್ಟುವುದೇ ಉಸಿರು ಕಟ್ಟಿ, ಕಾಲು ಊದಿಕೊಂಡ ಮೇಲೆ. ಆ ರಾತ್ರಿಯೇ ಕುತ್ತಿಗೆಗೆ ಪೈಪು. ‘ಸದ್ಯಕ್ಕೆ’ ಎಂದು ಹಾಕಿದ್ದು ಆಪರೇಷನ್ನಿನ ಹೆದರಿಕೆಯಿಂದಲೋ ಖರ್ಚಿನ ಚಿಂತೆಯಿಂದಲೋ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಅಂಥವರು ಡ್ರೆಸಿಂಗ್ ನೆನೆಯದಂತೆ ನೋಡಿಕೊಳ್ಳಬೇಕು, ಹಬ್ಬದ ಎಣ್ಣೆಸ್ನಾನದ ದಿನವೂ. ಬೇರೆ ವಾರ್ಡಿನಲ್ಲಿ ‘ನರ ಸಿಗ್ತಿಲ್ಲ’ ಎಂದು ಅದೇ ಕೊಳವೆಯಿಂದ ರಕ್ತ ತೆಗೆಯಲು ಬಂದರೆ ಬೇಡವೆನ್ನುವ ಹಕ್ಕು ರೋಗಿಗಿದೆ.

ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿದೆ, ಮೂತ್ರಪಿಂಡ ಸೋಲುತ್ತಿದೆ ಎಂದು ಈಗಷ್ಟೇ ತಿಳಿದವರು ಬರೆಯುವ ಕೈ ಬಿಟ್ಟು ಇನ್ನೊಂದನ್ನು ಕಾಪಾಡಿಕೊಳ್ಳಬೇಕು. ಬಲಗೈಯಲ್ಲಿ ಬರೆಯುವವರಾದರೆ ರಕ್ತಪರೀಕ್ಷೆಗೂ ಡ್ರಿಪ್‌ಗೂ ಚಾಚಬೇಕಾದ್ದು ಬಲಗೈ, ಅದೂ ಆದಷ್ಟು ಅಂಗೈಯ ಹಿಂಭಾಗ. ಎಡಗೈಯ ಅಭಿಧಮನಿ ನಾಳೆಯ ಫಿಸ್ಟುಲಾಕ್ಕೆ ಬೇಕಾಗುತ್ತದೆ.