ಹರೆಯದ ಮಕ್ಕಳೂ ಆತ್ಮಗೌರವವೂ

ವಾಷಿಂಗ್ಟನ್ ಸುತ್ತಮುತ್ತ, ಅಟ್ಲಾಂಟಾದಲ್ಲಿ, ಕ್ಯಾರೊಲೈನಾಗಳಲ್ಲಿ ನೆಲೆಸಿರುವ ನಾವು ಕನ್ನಡಿಗರು ನಾಲ್ಕು ಜನ ಸೇರಿದರೆ ಮಕ್ಕಳ ಮಾತು ಬಂದೇ ಬರುತ್ತದೆ: ಯಾರ ಮಗಳಿಗೆ ಯಾವ ಕಾಲೇಜು, ಯಾರ ಮಗನಿಗೆ ಯಾವ ಬಹುಮಾನ. ಕೋಣೆಯ ಬಾಗಿಲು ಹಾಕಿಕೊಂಡು ಊಟಕ್ಕೂ ಬಾರದ ಹುಡುಗನ ಮಾತನ್ನು ಮಾತ್ರ ನಾವು ಎತ್ತುವುದಿಲ್ಲ. ಮೈಗೆ ಜ್ವರ ಬಂದರೆ ಹತ್ತು ಮನೆಗೆ ಹೇಳುವ ನಾವು, ಮನಸ್ಸಿಗೆ ಕಾಯಿಲೆಯಾದರೆ ಊರಿನ ಅಜ್ಜಿಗೂ ತಿಳಿಸುವುದಿಲ್ಲ. ಈ ಗುಟ್ಟನ್ನು ಕಂಡ ಮಗು, ತನ್ನಲ್ಲೇ ಏನೋ ಕಳಂಕವಿದೆಯೆಂದು ತಿಳಿಯುತ್ತದೆ.

ಇದು ಒಂದೆರಡು ಮನೆಗಳ ಕಥೆಯಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಈ ದೇಶದ ಸರ್ಜನ್ ಜನರಲ್ ಆಗಿದ್ದಾಗ, 2021ರ ಡಿಸೆಂಬರಿನಲ್ಲಿ, ಕಿರಿಯರ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಕೆಯ ಪ್ರಕಟಣೆಯನ್ನೇ ಹೊರಡಿಸಿದರು. 2019ರಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಮೂವರಿಗೊಬ್ಬರು, ಹುಡುಗಿಯರಲ್ಲಿ ಅರ್ಧದಷ್ಟು ಮಂದಿ, ಬಿಡದೆ ಕಾಡುವ ದುಃಖ ಅಥವಾ ಹತಾಶೆಗೆ ಒಳಗಾಗಿದ್ದರೆಂದು ಅದರಲ್ಲಿದೆ. 2009ಕ್ಕಿಂತ ಇದು ಶೇಕಡ 40ರಷ್ಟು ಹೆಚ್ಚು.

ಖಿನ್ನತೆ, ಆತಂಕಗಳಿಗೆ ತಜ್ಞರ ಚಿಕಿತ್ಸೆಯೇ ಬೇಕು; "ಧೈರ್ಯ ತಂದುಕೋ" ಎಂದರೆ ಸಾಲದು. ಶಾಲೆಯ ಕೌನ್ಸೆಲರನ್ನು ಕಾಣಬೇಕು. 1973ರ ಪುನರ್ವಸತಿ ಕಾಯಿದೆಯ 504ನೆಯ ವಿಧಿಯಂತೆ ಅರ್ಹ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮೊದಲಾದ ಅನುಕೂಲಗಳು ದೊರೆಯುತ್ತವೆ. ಕೇಳಲು ಸಂಕೋಚ ಬೇಡ.

ಇನ್ನು ಆತ್ಮಗೌರವ. ತನ್ನಿಂದ ನಾಲ್ಕು ಜನಕ್ಕೆ ಉಪಯೋಗವಾಯಿತೆಂದು ಮಗು ಕಣ್ಣಾರೆ ಕಂಡಾಗ ಅದು ಚಿಗುರುತ್ತದೆ. ಇಲ್ಲಿ ನಮ್ಮ ಕೂಟಗಳು ಮಾಡಬಹುದಾದದ್ದು ಬಹಳವಿದೆ. ವೇದಿಕೆ ಹತ್ತಲಾರದ ಹುಡುಗಿಗೆ ಮೈಕು ನೋಡಿಕೊಳ್ಳುವ ಹೊಣೆ ಕೊಡೋಣ. ಜನಜಂಗುಳಿಗೆ ಅಂಜುವ ಹುಡುಗ ಕನ್ನಡ ತರಗತಿಯಲ್ಲಿ ಇಬ್ಬರು ಪುಟಾಣಿಗಳಿಗೆ ಅಕ್ಷರ ತಿದ್ದಿಸಲಿ. ಕೆಲಸ ಚಿಕ್ಕದಿರಲಿ, ಆದರೆ ನಿಜವಾಗಿ ಬೇಕಾದದ್ದಾಗಿರಲಿ. ಒಂದು ವಾರ ಬರಲಾಗದಿದ್ದರೆ ಗದರುವುದು ಬೇಡ. ಮುಂದಿನ ವಾರ ಆ ಕೆಲಸ ಅವರಿಗಾಗಿ ಕಾದಿರಲಿ. ಬರಿಯ "ಭೇಷ್" ಎನ್ನುವ ಬದಲು, "ನೀನು ಮೈಕು ಸರಿಮಾಡಿದ್ದರಿಂದ ಹಿಂದಿನ ಸಾಲಿನ ಅಜ್ಜನಿಗೂ ಹಾಡು ಕೇಳಿಸಿತಮ್ಮ" ಎಂದು ಹೇಳೋಣ. ಪಕ್ಕದ ಮನೆಯ ಮಕ್ಕಳ ಅಂಕಗಳ ಸುದ್ದಿ ಎತ್ತದಿರೋಣ.

ಸಾಯುವ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡಬಾರದು. ಆ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಅದು ಹೊಸದಾಗಿ ಹುಟ್ಟುವುದಿಲ್ಲ. 2022ರ ಜುಲೈನಿಂದ 988 ಎಂಬ ಮೂರಂಕಿಯ ದೂರವಾಣಿಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ನೆರವು ಸಿಗುತ್ತದೆ.

ಮುಂದಿನ ರಾಜ್ಯೋತ್ಸವದ ಕೆಲಸಗಳನ್ನು ಹಂಚುವಾಗ, ಈಚೆಗೆ ಕೂಟಕ್ಕೆ ಬರುವುದನ್ನೇ ಬಿಟ್ಟಿರುವ ಮಕ್ಕಳ ಹೆಸರನ್ನೂ ನೆನೆದು ಬರೆಯೋಣ.