ಮಗುವಿನ ಅಳತೆಗೆ ಪುಸ್ತಕ: ಢಾಕಾದಿಂದ ಹೊರಟ ಒಂದು ವಿಚಾರ

ಇಂಗ್ಲಿಷ್ ಕಲಿಯುವವರಿಗೆಂದೇ ಸರಳಗೊಳಿಸಿದ 'ರಾಬಿನ್ಸನ್ ಕ್ರೂಸೊ'ದಂಥ ತೆಳ್ಳನೆಯ ಕಥೆಪುಸ್ತಕಗಳು ಇಂದು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಅವುಗಳ ರಕ್ಷಾಪುಟದ ಮೇಲೆ 'ಹಂತ 1', 'ಹಂತ 2' ಎಂದು ಅಚ್ಚಾಗಿರುತ್ತದೆ. ಆ ಸಣ್ಣ ಗುರುತಿನ ಹಿಂದೆ ನೂರು ವರ್ಷದ ಪರಿಶ್ರಮವಿದೆ. ಅದರ ಒಂದು ಮುಖ್ಯ ಬೇರು ಇರುವುದು ನಮ್ಮದೇ ಉಪಖಂಡದ ಢಾಕಾದಲ್ಲಿ.

ಅರ್ಧಕ್ಕೇ ಶಾಲೆ ಬಿಟ್ಟವರಿಗೇನು?

ಮೈಕೆಲ್ ವೆಸ್ಟ್ 1912ರಲ್ಲಿ ಭಾರತೀಯ ಶಿಕ್ಷಣ ಸೇವೆಗೆ ಸೇರಿ ಬಂಗಾಳಕ್ಕೆ ಬಂದವರು. ಮುಂದೆ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಬಹಳಷ್ಟು ಮಕ್ಕಳು ಓದು ಮುಗಿಸುವ ಮೊದಲೇ ಶಾಲೆ ಬಿಡುತ್ತಿದ್ದುದು ಅವರನ್ನು ಕಾಡಿತು. ವಿಮೆಯನ್ನು ಮಧ್ಯದಲ್ಲಿ ನಿಲ್ಲಿಸಿದವನಿಗೂ 'ಸರೆಂಡರ್ ವ್ಯಾಲ್ಯೂ' ಎಂದು ಒಂದಿಷ್ಟು ಹಣ ಕೈಸೇರುತ್ತದೆ. ಮೂರೋ ನಾಲ್ಕೋ ವರ್ಷ ಇಂಗ್ಲಿಷ್ ಕಲಿತು ಬಿಟ್ಟ ಹುಡುಗನಿಗೆ ಹಾಗೆ ಏನು ಉಳಿಯುತ್ತದೆ ಎಂದು ವೆಸ್ಟ್ ಕೇಳಿದರು. ಓದುವ ಶಕ್ತಿ ಉಳಿಯಬೇಕು ಎಂಬುದು ಅವರೇ ಕಂಡುಕೊಂಡ ಉತ್ತರ. ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ಅವರ ವರದಿ 1926ರಲ್ಲಿ ಹೊರಬಂತು.

ಆಗಿನ ಪಠ್ಯಪುಸ್ತಕಗಳಲ್ಲಿ ಅವರಿಗೆ ಎರಡು ದೋಷಗಳು ಕಂಡವು. ಆಯ್ದ ಪದಗಳು ಹಳೆಯವು, ಬಳಕೆ ತಪ್ಪಿದವು. ಜೊತೆಗೆ ಹೊಸ ಪದಗಳು ಒಂದರ ಬೆನ್ನಿಗೊಂದು ನುಗ್ಗಿ ಬರುತ್ತಿದ್ದವು. ಕಲಿತದ್ದು ಮನಸ್ಸಿನಲ್ಲಿ ನೆಲೆಯೂರಲು ಬಿಡುವೇ ಇರಲಿಲ್ಲ. ವೆಸ್ಟ್ ಪಾಠಗಳನ್ನು ತಿದ್ದಿ ಬರೆದರು. 'ಐಲ್' ಇದ್ದಲ್ಲಿ 'ಐಲೆಂಡ್' ಬಂತು, 'ಏರ್' ಇದ್ದಲ್ಲಿ 'ಬಿಫೋರ್' ಬಂತು. ಹೊಸ ಪದಗಳ ನಡುವೆ ಅಂತರ ಬಿಟ್ಟು, ಒಮ್ಮೆ ಬಂದ ಪದ ಮತ್ತೆ ಮತ್ತೆ ಬರುವಂತೆ ಹೆಣೆದರು. ಲಾಂಗ್‌ಮನ್ಸ್ ಪ್ರಕಟಿಸಿದ ಅವರ 'ನ್ಯೂ ಮೆಥಡ್' ವಾಚನ ಮಾಲೆ ಹುಟ್ಟಿದ್ದು ಹೀಗೆ.

ಪದಗಳ ಎಣಿಕೆ

ಯಾವ ಪದವನ್ನು ಮೊದಲು ಕಲಿಸಬೇಕೆಂದು ನಿರ್ಧರಿಸಲು ಆಧಾರ ಬೇಕಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಮಕ್ಕಳ ಪುಸ್ತಕ, ಬೈಬಲ್, ಪತ್ರಿಕೆ, ಪತ್ರಗಳನ್ನೆಲ್ಲ ಜಾಲಾಡಿ, ಹೆಚ್ಚು ಬಳಕೆಯ 10,000 ಪದಗಳ ಪಟ್ಟಿಯನ್ನು 1921ರಲ್ಲಿ ಪ್ರಕಟಿಸಿದ್ದರು. ಅತ್ತ ಟೋಕಿಯೊದಲ್ಲಿ ಹೆರಾಲ್ಡ್ ಪಾಮರ್ ಜಪಾನಿನ ಶಾಲೆಗಳಿಗಾಗಿ ಇದೇ ಹಾದಿಯಲ್ಲಿ ದುಡಿಯುತ್ತಿದ್ದರು. 1934ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ನೆರವಿನಿಂದ ನ್ಯೂಯಾರ್ಕಿನಲ್ಲಿ ನಡೆದ ಸಭೆ ಇವರನ್ನೆಲ್ಲ ಒಟ್ಟುಗೂಡಿಸಿತು. ಅಲ್ಲಿ ಮೊದಲಾದ ಕೆಲಸ 1953ರಲ್ಲಿ ವೆಸ್ಟ್ ಸಂಪಾದಿಸಿದ 'ಜನರಲ್ ಸರ್ವಿಸ್ ಲಿಸ್ಟ್' ಆಯಿತು. ಸುಮಾರು 2,000 ಪದಗಳ ಆ ಪಟ್ಟಿ ದಶಕಗಳ ಕಾಲ ಹಂತವಾರು ಕಥೆಪುಸ್ತಕಗಳಿಗೂ ಕಲಿಯುವವರ ನಿಘಂಟುಗಳಿಗೂ ತಳಪಾಯವಾಯಿತು.

ಸೂತ್ರಗಳ ಕಾಲ

ಪುಸ್ತಕದ ಕಷ್ಟವನ್ನು ಅಂಕಿಯಲ್ಲಿ ಹೇಳಬಹುದೇ ಎಂಬುದು ಮುಂದಿನ ಪ್ರಶ್ನೆ. ವಿಯೆನ್ನಾದಿಂದ ಅಮೆರಿಕಕ್ಕೆ ವಲಸೆ ಬಂದ ರುಡಾಲ್ಫ್ ಫ್ಲೆಶ್ 1948ರಲ್ಲಿ ವಾಕ್ಯದ ಉದ್ದ ಮತ್ತು ಪದದ ಉಚ್ಚಾರಾಂಶಗಳನ್ನು ಎಣಿಸುವ ಸೂತ್ರ ಕೊಟ್ಟರು. ಎಡ್ವರ್ಡ್ ಫ್ರೈ ತಮ್ಮ ಹೆಸರಾಂತ ನಕ್ಷೆಯನ್ನು ಮೊದಲು ರೂಪಿಸಿದ್ದು ಉಗಾಂಡದಲ್ಲಿ, ಅಲ್ಲಿನ ಇಂಗ್ಲಿಷ್ ಮೇಷ್ಟ್ರುಗಳು ತಮ್ಮ ಮಕ್ಕಳಿಗೆ ತಕ್ಕ ಪುಸ್ತಕ ಆರಿಸಿಕೊಳ್ಳಲೆಂದು. ನೂರು ಪದಗಳ ಮೂರು ತುಣುಕು ತೆಗೆದು, ವಾಕ್ಯಗಳನ್ನೂ ಉಚ್ಚಾರಾಂಶಗಳನ್ನೂ ಎಣಿಸಿ, ನಕ್ಷೆಯಲ್ಲಿ ಚುಕ್ಕಿ ಇಟ್ಟರೆ ಪುಸ್ತಕದ ಮಟ್ಟ ತಿಳಿಯುತ್ತಿತ್ತು. ಆಮೇಲೆ ಬಂದ 'ಲೆಕ್ಸೈಲ್' ಪದ್ಧತಿ ಓದುಗನನ್ನೂ ಪುಸ್ತಕವನ್ನೂ ಒಂದೇ ಅಳತೆಪಟ್ಟಿಯ ಮೇಲೆ ತಂದು ನಿಲ್ಲಿಸಿತು.

ಆದರೆ ಎಣಿಕೆಗೆ ಎಲ್ಲವೂ ದಕ್ಕುವುದಿಲ್ಲ. 'ಯೂನಿವರ್ಸಿಟಿ' ಉದ್ದನೆಯ ಪದ; ಸೂತ್ರದ ಲೆಕ್ಕಕ್ಕೆ ಕಠಿಣ, ನಮ್ಮ ಮಕ್ಕಳಿಗೆ ಚಿರಪರಿಚಿತ. 'ಪುಟ್ ಅಪ್ ವಿತ್' ಮೂರು ಪುಟ್ಟ ಪದಗಳು. ಸೂತ್ರಕ್ಕೆ ಸುಲಭ, ಅವು ಕೂಡಿದಾಗ 'ಸಹಿಸಿಕೊಳ್ಳು' ಎಂಬ ಅರ್ಥ ಬರುವುದು ಹೊಸಬರಿಗೆ ಹೊಳೆಯುವುದೇ ಇಲ್ಲ. ಊರ ಜಾತ್ರೆಯ ಕಥೆ ತುಸು ಕಷ್ಟದ ಇಂಗ್ಲಿಷಿನಲ್ಲಿದ್ದರೂ ನಮ್ಮ ಹಳ್ಳಿಯ ಹುಡುಗಿ ಅದನ್ನು ಹಿಡಿದುಕೊಳ್ಳಬಲ್ಲಳು. ಹಿಮದ ಮೇಲೆ ಜಾರುಬಂಡಿ ಓಡಿಸುವ ಕಥೆ ಎಷ್ಟೇ ಸರಳವಾಗಿದ್ದರೂ ಅವಳಿಗೆ ದೂರದ್ದಾಗಿಯೇ ಉಳಿಯಬಹುದು.

ನೂರರಲ್ಲಿ ಎರಡು

ನ್ಯೂಜಿಲೆಂಡಿನ ಪಾಲ್ ನೇಷನ್ ಅವರು ಹು ಎಂಬ ಸಂಶೋಧಕಿಯೊಡನೆ 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಒಂದು ಗಟ್ಟಿ ಅಂಕಿ ಕೊಟ್ಟಿತು. ಪುಟದ ಪದಗಳಲ್ಲಿ ಶೇ 80ರಷ್ಟು ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. ಯಾರ ನೆರವೂ ಇಲ್ಲದೆ ನೆಮ್ಮದಿಯಿಂದ ಓದಲು ಹೆಚ್ಚಿನವರಿಗೆ ಶೇ 98ರಷ್ಟು ಪದಗಳು ಗೊತ್ತಿರಬೇಕು. ಎಂದರೆ ನೂರು ಪದಕ್ಕೆ ಹೊಸದು ಎರಡೇ.

ಹೀಗೆ ಎಟುಕುವ ಪುಸ್ತಕ ಮಗುವಿನ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಫಿಜಿ ದ್ವೀಪದ ಹಳ್ಳಿಶಾಲೆಗಳು ಸಾಕ್ಷಿ. 1980ರ ಸುಮಾರಿಗೆ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯ್ ಅಲ್ಲಿನ ನಾಲ್ಕು ಮತ್ತು ಐದನೇ ತರಗತಿಗಳಿಗೆ ತಲಾ 250ರಷ್ಟು ಸೊಗಸಾದ ಇಂಗ್ಲಿಷ್ ಕಥೆಪುಸ್ತಕ ತಲುಪಿಸಿದರು. ಆ ಮಕ್ಕಳು ಓದಿ ತಿಳಿಯುವುದರಲ್ಲಿ ಎಂದಿನ ಎರಡರಷ್ಟು ವೇಗದಲ್ಲಿ ಮುಂದುವರಿದರು.

ಹಾಗೆಂದು ಎಲ್ಲವೂ ಸಲೀಸಾಗಿಯೇ ಇರಬೇಕೆಂದಲ್ಲ. 1979ರಿಂದ 1984ರವರೆಗೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿಟ್ಟುಕೊಂಡು ನಡೆದ, ಇಂದಿಗೂ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಲೋಕದ ಇಂಗ್ಲಿಷ್ ಬೋಧಕರು ಕರೆಯುವ ಪ್ರಯೋಗದಲ್ಲಿ ಎನ್.ಎಸ್. ಪ್ರಭು ಇದಕ್ಕೊಂದು ಹದ ಹೇಳಿದರು. ಕೊಟ್ಟ ಕೆಲಸದಲ್ಲಿ ಅರ್ಧದಷ್ಟನ್ನಾದರೂ ತರಗತಿಯ ಅರ್ಧದಷ್ಟು ಮಕ್ಕಳು ಸರಿಯಾಗಿ ಮಾಡುವಂತಿದ್ದರೆ ಅದು ತಕ್ಕ ಸವಾಲು. ಮೇಷ್ಟ್ರು ಜೊತೆಗಿರುವ ಪಾಠ ಹೀಗೆ ತುಸು ಕಷ್ಟವಾಗಿರಲಿ, ಮಗು ಒಂಟಿಯಾಗಿ ಓದುವ ಕಥೆ ಸುಲಭವಾಗಿರಲಿ. ಎರಡೂ ಬೇಕು.

ನಮ್ಮ ಶಾಲೆಗಳಲ್ಲಿ

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ, ಇಂಗ್ಲಿಷ್ ಸೇರಿ ಹಲವು ಭಾಷೆಗಳ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಹಂತದ ಕಥೆಗಳು 250 ಪದಗಳೊಳಗೆ ಮುಗಿಯುತ್ತವೆ. ಸಾಮಗ್ರಿಗೆ ಈಗ ಬರವಿಲ್ಲ. ತೊಡಕಿರುವುದು ತರಗತಿಯ ಸಂಖ್ಯೆಯನ್ನೇ ಮಗುವಿನ ಮಟ್ಟವೆಂದು ತಿಳಿಯುವ ನಮ್ಮ ರೂಢಿಯಲ್ಲಿ. ಏಳನೇ ತರಗತಿಯ ಪಠ್ಯ ಏಳನೇ ತರಗತಿಯ ಎಲ್ಲ ಮಕ್ಕಳಿಗೂ ಎಟುಕುತ್ತದೆ ಎಂದು ನಂಬಿ ಕೂತರೆ, ಎಟುಕದ ಮಗು ಗೈಡಿನ ಉತ್ತರ ಉರುಹೊಡೆಯುತ್ತದೆ, ಓದನ್ನು ಕಲಿಯುವುದಿಲ್ಲ.

ಮೇಷ್ಟ್ರುಗಳಲ್ಲಿ, ತಂದೆತಾಯಿಯರಲ್ಲಿ ಒಂದು ಕೋರಿಕೆ. ಪುಸ್ತಕ ಕೊಡುವ ಮೊದಲು ನೂರು ಪದಗಳಷ್ಟು ಭಾಗವನ್ನು ಮಗುವಿನಿಂದ ಓದಿಸಿ, ಗೊತ್ತಿಲ್ಲದ ಪದಗಳನ್ನು ಎಣಿಸಿ. ಎರಡು ಮೂರು ಇದ್ದರೆ ಧಾರಾಳವಾಗಿ ಕೊಡಿ. ಐದು ದಾಟಿದರೆ ನೀವು ಪಕ್ಕದಲ್ಲಿ ಕೂತು ಓದಿಸಿ. ಹತ್ತು ದಾಟಿದರೆ ಅದಕ್ಕಿಂತ ಸುಲಭದ ಪುಸ್ತಕ ಹುಡುಕಿ. ಏಳನೇ ತರಗತಿಯ ಹುಡುಗ ಎರಡನೇ ಹಂತದ ಕಥೆ ಎತ್ತಿಕೊಂಡರೆ ದಯವಿಟ್ಟು ಹೀಯಾಳಿಸಬೇಡಿ. ಅವನು ಅದನ್ನು ಕೊನೆಯವರೆಗೆ ಓದಿ ಮುಗಿಸಲಿ, ಮುಂದಿನ ಪುಸ್ತಕವನ್ನು ತಾನೇ ಕೇಳಿ ಪಡೆಯಲಿ.