ಥರ್ಮಾಮೀಟರ್ 39 ತೋರಿಸಿದರೆ ಜ್ವರ ಇದೆಯೋ ಇಲ್ಲವೋ?



ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಸಂಘದ ಸಭೆಯಲ್ಲಿ ಒಬ್ಬ ತಾಯಿ ನಮಗೆ ಹೇಳಿದ ಮಾತಿದು: "ಕೂಸಿನ ಮೈ ಕೆಂಡದಂಗ ಸುಡ್ತಿತ್ರಿ. ಹೊಸ ಥರ್ಮಾಮೀಟರ್ ಇಟ್ಟು ನೋಡಿದ್ರ ಬರೇ 39 ತೋರಿಸ್ತು. 100 ದಾಟಿದ್ರ ಜ್ವರ ಅಂತಾರಲ್ರಿ, ಇದು 39 ಅದ, ಏನೂ ಇಲ್ಲ ಅಂತ ಸುಮ್ಮನಾದೆ." ಮರುದಿನ ಕೂಸನ್ನು ದವಾಖಾನೆಗೆ ಒಯ್ಯಬೇಕಾಯಿತು. ದೇವರ ದಯೆಯಿಂದ ಕೂಸು ಗುಣವಾಯಿತು. ಇದರಲ್ಲಿ ತಾಯಿಯ ತಪ್ಪಿಲ್ಲ. ಕಾವು ಅಳೆಯಲು ಎರಡು ಲೆಕ್ಕ ಇವೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಎರಡು ಲೆಕ್ಕ ಯಾಕೆ?

ಬಂಗಾರವನ್ನು ತೊಲದಲ್ಲೂ ಹೇಳುತ್ತೇವೆ, ಗ್ರಾಮಿನಲ್ಲೂ ಹೇಳುತ್ತೇವೆ. ಬಂಗಾರ ಅಷ್ಟೇ, ಅಂಕಿ ಮಾತ್ರ ಬೇರೆ. ಕಾವಿನದೂ ಹಾಗೆಯೇ. ಫ್ಯಾರನ್‌ಹೀಟ್ ಎಂಬ ವಿಜ್ಞಾನಿ 1724ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ಸ್ವೀಡನ್ ದೇಶದ ಸೆಲ್ಸಿಯಸ್ ಎಂಬವರು 1742ರಲ್ಲಿ ಇನ್ನೊಂದನ್ನು ತಂದರು. ಈಗ ನಾವು ಬಳಸುವ ಸೆಲ್ಸಿಯಸ್ ಲೆಕ್ಕದಲ್ಲಿ ನೀರು 0ಗೆ ಹೆಪ್ಪುಗಟ್ಟಿ 100ಕ್ಕೆ ಕುದಿಯುತ್ತದೆ. ಫ್ಯಾರನ್‌ಹೀಟ್‌ನಲ್ಲಿ 32ಕ್ಕೆ ಹೆಪ್ಪುಗಟ್ಟಿ 212ಕ್ಕೆ ಕುದಿಯುತ್ತದೆ. ಅಂದರೆ ಸೆಲ್ಸಿಯಸ್‌ನ 100 ಮೆಟ್ಟಿಲು ಫ್ಯಾರನ್‌ಹೀಟ್‌ನ 180 ಮೆಟ್ಟಿಲಿಗೆ ಸಮ. ಆದ್ದರಿಂದ ಸೆಲ್ಸಿಯಸ್‌ನಲ್ಲಿ "ಎರಡೇ ಡಿಗ್ರಿ ಏರ್ಯಾದ" ಎಂದು ಹಗುರಾಗಿ ತಿಳಿಯಬಾರದು, ಅದು ಫ್ಯಾರನ್‌ಹೀಟ್‌ನ 3.6 ಡಿಗ್ರಿ.

ಗುರುತಿಸುವುದು ಹೇಗೆ?

ಮೈಕಾವಿನ ಅಂಕಿ 3 ಅಥವಾ 4ರಿಂದ ಶುರುವಾಗಿದ್ದರೆ (37, 39, 40) ಅದು ಸೆಲ್ಸಿಯಸ್. 9 ಅಥವಾ 10ರಿಂದ ಶುರುವಾಗಿದ್ದರೆ (98, 102) ಅದು ಫ್ಯಾರನ್‌ಹೀಟ್. ಓದು ಬಾರದ ಅಕ್ಕಂದಿರೂ ಇಷ್ಟನ್ನು ನೆನಪಿಟ್ಟರೆ ಸಾಕು.

ಲೆಕ್ಕ ಮಾಡುವುದು ಹೇಗೆ?

ಸೆಲ್ಸಿಯಸ್ ಅಂಕಿಯನ್ನು ಎರಡು ಪಟ್ಟು ಮಾಡಿರಿ. ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. ಅದಕ್ಕೆ 32 ಕೂಡಿಸಿರಿ. ಉದಾಹರಣೆಗೆ 40: ಎರಡು ಪಟ್ಟು 80, 8 ಕಳೆದರೆ 72, 32 ಕೂಡಿಸಿದರೆ 104. ತಿರುಗಿಸಿ ಸೆಲ್ಸಿಯಸ್‌ಗೆ ತರಬೇಕೆಂದರೆ 104ರಲ್ಲಿ 32 ಕಳೆದು, ಉಳಿದ 72ನ್ನು 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ 40.

ಲೆಕ್ಕ ಬೇಡ ಎನ್ನುವವರು ಈ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿರಿ:

37 ಸೆಲ್ಸಿಯಸ್ = 98.6 ಫ್ಯಾರನ್‌ಹೀಟ್ – ಸಾಮಾನ್ಯ ಮೈಕಾವು
38 = 100.4 – ಜ್ವರ
39 = 102.2 – ಹೆಚ್ಚು ಜ್ವರ
40 = 104 – ಅಪಾಯ, ತಡ ಮಾಡಬೇಡಿರಿ

ಮೂರು ತಿಂಗಳೊಳಗಿನ ಕೂಸಿಗೆ 38 ಬಂದರೂ ಮನೆಮದ್ದು ಮಾಡುತ್ತ ಕೂಡಬೇಡಿರಿ, ಕೂಡಲೇ ದವಾಖಾನೆಗೆ ಒಯ್ಯಿರಿ. ಹಸುಗೂಸಿನ ಮೈ ತಣ್ಣಗಾಗುವುದೂ ಅಪಾಯವೇ; 36.5 (97.7)ಕ್ಕಿಂತ ಇಳಿದರೆ ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗಿಟ್ಟು, ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಕಂಕುಳಲ್ಲಿ ಇಟ್ಟು ನೋಡಿದಾಗ ಅಂಕಿ ಬಾಯಿಗಿಂತ ಸ್ವಲ್ಪ ಕಡಿಮೆ ಬರುತ್ತದೆ ಎಂಬುದೂ ನೆನಪಿರಲಿ.

ನಮ್ಮ ಬೀದರ ಬೇಸಿಗೆ

ರೇಡಿಯೋ, ಟಿವಿಯಲ್ಲಿ ಹೇಳುವ ಬಿಸಿಲಿನ ಅಂಕಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳಲ್ಲಿ ಬೀದರ, ಭಾಲ್ಕಿ, ಔರಾದ ಕಡೆ 40 ದಾಟುವುದುಂಟು. ಮೈಕಾವು 37, ಹೊರಗಿನ ಗಾಳಿ 41 ಇದ್ದರೆ, ಕಾವು ಮೈಯಿಂದ ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಆಗ ಮೈ ತಂಪಾಗಿಸಲು ಬೆವರೊಂದೇ ದಾರಿ, ಬೆವರಿಗೆ ನೀರು ಬೇಕು. ಆದ್ದರಿಂದ ಹೊಲದ ಕೆಲಸ ಬೆಳಿಗ್ಗೆ, ಸಂಜೆ ಮಾಡಿರಿ. ನೀರಡಿಕೆ ಆಗುವ ಮೊದಲೇ ನೀರು, ಮಜ್ಜಿಗೆ ಕುಡಿಯಿರಿ. ಬಿಸಿಲಲ್ಲಿ ಯಾರಾದರೂ ತೊದಲುತ್ತಿದ್ದರೆ, ಎಚ್ಚರ ತಪ್ಪಿದರೆ, ನೆರಳಿಗೆ ತಂದು ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಿರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮುಂದಿನ ವಾರದ ಸಭೆಗೆ ಮನೆಯಲ್ಲಿರುವ ಥರ್ಮಾಮೀಟರ್ ತನ್ನಿರಿ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬರಿಗೊಬ್ಬರು ನೋಡಿ ಓದಿ ಹೇಳಿರಿ. ಸಾಲ, ಬಡ್ಡಿ ಲೆಕ್ಕ ಕಲಿತ ನಮಗೆ ಇದೇನೂ ಕಷ್ಟದ್ದಲ್ಲ.